ಕೃಪಾ ಆಡದ ಪಂದ್ಯ

ಏಟು ಬಿದ್ದದ್ದನ್ನು ಅಮೂಲ್ಯಾ ಕಣ್ಣಾರೆ ನೋಡಿದಳು.

ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ಆಗಷ್ಟೇ ಬೆಳಕು ಹರಿದಿತ್ತು. ಗಂಡ ಜೀವನ್ ಇನ್ನೂ ಎದ್ದಿರಲಿಲ್ಲವೆಂದು ಅವಳು ಟಿವಿಯ ದನಿ ತಗ್ಗಿಸಿಕೊಂಡು, ಕಾಲ ಮೇಲೊಂದು ಶಾಲು ಎಳೆದುಕೊಂಡು ಸೋಫಾದ ತುದಿಯಲ್ಲಿ ಕೂತಿದ್ದಳು. ಟಿವಿಯಲ್ಲಿ ಅವಳ ತಂಗಿ ಕೃಪಾ ಹಳದಿ ಜರ್ಸಿ ತೊಟ್ಟು ಗೋಲಿನ ಮುಂದೆ ನಿಂತಿದ್ದಳು. ಡೆನ್ಮಾರ್ಕ್‌ನ ಸೋಂಡರ್‌ಹಾವ್ನ್ ಎಂಬ ಪುಟ್ಟ ಬಂದರು ಊರಿನ ಕ್ಲಬ್ ಅವಳದು. ಮಹಿಳೆಯರ ಚಾಂಪಿಯನ್ಸ್ ಲೀಗಿನ ಕ್ವಾರ್ಟರ್ ಫೈನಲ್ಲಿನ ಎರಡು ಪಂದ್ಯಗಳಲ್ಲಿ ಇದು ಮೊದಲನೆಯದು. ಎದುರಾಳಿ ಫ್ರಾನ್ಸ್‌ನ ಹೆಸರಾಂತ ತಂಡ.

ಮೊದಲಾರ್ಧ ಮುಗಿಯಲು ಸ್ವಲ್ಪವೇ ಉಳಿದಿರುವಾಗ ಫ್ರೆಂಚ್ ಆಟಗಾರ್ತಿಯೊಬ್ಬಳು ಎಲ್ಲರನ್ನೂ ದಾಟಿಕೊಂಡು ಚೆಂಡಿನೊಂದಿಗೆ ಒಬ್ಬಳೇ ನುಗ್ಗಿ ಬಂದಳು. ಕೃಪಾ ಮುಂದಕ್ಕೋಡಿ ಅವಳ ಕಾಲಬುಡಕ್ಕೇ ಹಾರಿದಳು. ಚೆಂಡು ಕೃಪಾಳ ತೋಳಿಗೆ ಸಿಕ್ಕಿತು. ಅದೇ ಗಳಿಗೆಯಲ್ಲಿ ಓಡಿಬರುತ್ತಿದ್ದವಳ ಮೊಣಕಾಲು ಕೃಪಾಳ ಕಿವಿಯ ಮೇಲ್ಭಾಗಕ್ಕೆ ಬಡಿಯಿತು.

ಕೃಪಾ ಚೆಂಡು ಬಿಡಲಿಲ್ಲ. ಆದರೆ ಏಳಲೂ ಇಲ್ಲ.

ಅಮೂಲ್ಯಾ ಎದ್ದು ಟಿವಿಯ ಹತ್ತಿರ ಹೋಗಿ ನಿಂತಳು. ಕ್ಲಬ್ಬಿನ ಡಾಕ್ಟರ್ ಓಡಿಬಂದು ಮಂಡಿಯೂರಿ ಏನೋ ಕೇಳಿದಳು. ಕೃಪಾ ತಲೆಯಾಡಿಸಿದಳು, ಇನ್ನೇನೋ ಕೇಳಿದ್ದಕ್ಕೆ ನಕ್ಕಳು, ಎದ್ದು ಹೆಬ್ಬೆರಳೆತ್ತಿ ತೋರಿಸಿದಳು. ಗ್ಯಾಲರಿ ಭೋರೆಂದಿತು. ಎರಡನೇ ಅರ್ಧದಲ್ಲಿ ಆ ಫ್ರೆಂಚ್ ಹೆಂಗಸರು ಅಲೆಯ ಮೇಲೆ ಅಲೆಯಾಗಿ ಬಂದರು. ಕೃಪಾ ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. ಕೊನೆಗೆ ಸೋಂಡರ್‌ಹಾವ್ನ್‌ನವರೇ ಒಂದು ಗೋಲು ಹೊಡೆದು ಗೆದ್ದರು.

ಸ್ವಲ್ಪ ಹೊತ್ತಿಗೆ ಫೋನ್ ರಿಂಗಾಯಿತು. ಸಿಡ್ನಿಯ ಕ್ವೇಕರ್ಸ್ ಹಿಲ್‌ನಿಂದ ಅಮ್ಮ, ಭಾಗೀರಥಿ.

"ನೋಡಿದ್ಯೇನೇ?"

"ನೋಡ್ದೆ ಅಮ್ಮ. ತಲೆಗೆ ಏಟು..."

"ನಾನು ಮೆಸೇಜ್ ಮಾಡ್ದೆ. ಏನಿಲ್ಲ ಅಂತ ಹಾಕಿದಾಳೆ. ಕೇಳು, ಮುಂದಿನ ವಾರದ ಮ್ಯಾಚಿಗೆ ಕಮ್ಯುನಿಟಿ ಹಾಲ್ ಬುಕ್ ಮಾಡ್ತಿದೀನಿ. ಕನ್ನಡ ಸಂಘದ ಶಿವಲಿಂಗಪ್ಪನವರು ಪ್ರೊಜೆಕ್ಟರ್ ತರ್ತಾರಂತೆ. ನೀನೂ ಬಂದ್ಬಿಡು, ಎಲ್ಲರೂ ಒಟ್ಟಿಗೆ ನೋಡೋಣ."

ಅಮ್ಮ ಅಷ್ಟು ಬೇಗ ಬೇರೆ ಮಾತಿಗೆ ಹೋದದ್ದು ಅಮೂಲ್ಯಾಳಿಗೆ ಸರಿಕಾಣಲಿಲ್ಲ. ಆದರೆ ಅಮ್ಮನ ಉತ್ಸಾಹಕ್ಕೆ ಕಾರಣವಿತ್ತು. ಮೈಸೂರು ಬಿಟ್ಟು ಬರುವ ತನಕ ಭಾಗೀರಥಿ ಫುಟ್‌ಬಾಲ್ ಮುಟ್ಟಿದವರಲ್ಲ. ಸಿಡ್ನಿಯಲ್ಲಿ ಹುಟ್ಟಿದ ಎರಡನೇ ಮಗಳು ಗೋಲಿನಲ್ಲಿ ನಿಲ್ಲುತ್ತೇನೆಂದು ಹಟ ಹಿಡಿದಾಗ, ಚಳಿಗಾಲದ ಶನಿವಾರಗಳಂದು ಹುಲ್ಲಿನ ಮೇಲೆ ಇಬ್ಬನಿ ಇರುವಾಗಲೇ ಬ್ಲಾಕ್‌ಟೌನಿನ ಮೈದಾನಗಳಿಗೆ ಅವಳನ್ನು ಕರೆದುಕೊಂಡು ಹೋದವರು ಅವರೇ. ಆಫ್‌ಸೈಡ್ ಎಂದರೇನೆಂದು ಇತರ ತಾಯಂದಿರಿಗೆ ವಿವರಿಸುವಷ್ಟು ಕಲಿತರು. ಕೃಪಾ ಡೆನ್ಮಾರ್ಕ್‌ಗೆ ಹೋದದ್ದು ಮೂರನೇ ಗೋಲ್‌ಕೀಪರ್ ಆಗಿ. ಬೆಂಚಿನ ಮೇಲೂ ಜಾಗ ಸಿಗದ ಹುದ್ದೆ. ಆಗಸ್ಟಿನಲ್ಲಿ ಅರ್ಹತಾ ಪಂದ್ಯಗಳು ಶುರುವಾದಾಗ ಅವಳು ಸ್ಟ್ಯಾಂಡಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದಳು. ಚಳಿ ಬರುವ ಹೊತ್ತಿಗೆ ಎರಡನೆಯವಳು ಬೇರೆ ಕ್ಲಬ್ಬಿಗೆ ಹೋದಳು, ಮೊದಲನೆಯವಳು ಮರೆನ್, ಅವಳ ಮಣಿಕಟ್ಟು ಮುರಿಯಿತು. ಅಲ್ಲಿಂದಾಚೆಗೆ ಗೋಲು ಕೃಪಾಳದಾಯಿತು. ಯಾರೂ ಲೆಕ್ಕಕ್ಕಿಟ್ಟಿರದ ತಂಡ ಲೀಗ್ ಹಂತ ದಾಟಿ, ಫೆಬ್ರವರಿಯ ಪ್ಲೇಆಫ್ ದಾಟಿ, ಇಲ್ಲಿಯವರೆಗೆ ಬಂದಿತ್ತು.

ಅಂದು ಸಂಜೆ ಅಮೂಲ್ಯಾ ತಂಗಿಗೆ ವಿಡಿಯೊ ಕಾಲ್ ಮಾಡಿದಳು. ಡೆನ್ಮಾರ್ಕ್‌ನಲ್ಲಿ ಬೆಳಿಗ್ಗೆ. ಆದರೂ ಕೃಪಾಳ ಕೋಣೆ ಕತ್ತಲಾಗಿತ್ತು. ಪರದೆಗಳನ್ನು ಎಳೆದು, ಸಂದಿಗೆ ಟವೆಲ್ ಸಿಕ್ಕಿಸಿದ್ದಳು.

"ಅಮ್ಮ ನೋಡಿದ್ಲಾ?" ಎಂದು ಕೇಳಿದಳು.

"ನೋಡಿದಾಳೆ. ಹಾಲ್ ಬುಕ್ ಮಾಡ್ತಾಳಂತೆ ಮುಂದಿನ ವಾರಕ್ಕೆ."

ಕೃಪಾ ನಕ್ಕಳು. ಕ್ಲಬ್ಬಿನವರು ಕೊಟ್ಟ ಊಟ, ಅಭಿಮಾನಿಗಳು ಹಾಡಿದ್ದು ಎಲ್ಲ ಹೇಳಿದಳು. ಆಮೇಲೆ ಮತ್ತೆ ಕೇಳಿದಳು: "ಅಮ್ಮ ನೋಡಿದ್ಲಾ?"

ಅಮೂಲ್ಯಾ ಫೋನನ್ನು ಮುಖದ ಹತ್ತಿರ ತಂದಳು. ಇನ್ನೊಂದು ವಿಷಯವೂ ಆಗ ಅವಳ ಗಮನಕ್ಕೆ ಬಂತು. ಕೃಪಾ ಅಷ್ಟು ಹೊತ್ತು ಕನ್ನಡದಲ್ಲಿ ಮಾತಾಡುತ್ತಿದ್ದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ಅವಳು. ಚಿಕ್ಕವಳಿದ್ದಾಗ ಜ್ವರ ಬಂದರೆ ಮಾತ್ರ ಅವಳ ಬಾಯಲ್ಲಿ ಕನ್ನಡ ಬರುತ್ತಿತ್ತು.

"ಲೈಟ್ ಹಾಕು ಕೃಪಾ."

"ಬೇಡ."

"ಸೆಕೆಂಡ್ ಹಾಫಲ್ಲಿ ಕಾರ್ನರ್‌ನಿಂದ ಬಂದ ಬಾಲನ್ನ ಒಂದೇ ಕೈಯಲ್ಲಿ ತಳ್ಳಿದ್ಯಲ್ಲ. ಆಗ ಯಾರು ನಿನ್ನ ಮುಂದೆ ಇದ್ರು?"

ಫೋನಿನ ಬೆಳಕಿಗೆ ಕೃಪಾಳ ಕಣ್ಣುಗಳು ಕಿರಿದಾಗಿದ್ದವು.

"ಸೆಕೆಂಡ್ ಹಾಫ್ ನಂಗೆ ನೆನಪಿಲ್ಲ ಅಕ್ಕ," ಎಂದಳು ಕೊನೆಗೆ. "ಬಸ್ಸಲ್ಲಿ ಕೂತಾಗ ಸ್ಕೋರ್ ಎಷ್ಟು ಅಂತ ಪಕ್ಕದವಳ ಫೋನಲ್ಲಿ ನೋಡ್ದೆ."

ಅಮೂಲ್ಯಾ ಫಿಸಿಯೋಥೆರಪಿಸ್ಟ್. ಪಕ್ಕದ ವೆರಿಬಿ ಬಡಾವಣೆಯ ಕ್ಲಿನಿಕ್ಕಿನಲ್ಲಿ ಅವಳ ಹತ್ತಿರ ಬರುವವರಲ್ಲಿ ಹೆಚ್ಚಿನವರು ತಲೆಗೆ ಪೆಟ್ಟಾದವರು, ತಲೆಸುತ್ತು ನಿಲ್ಲದವರು. ಇದೇನೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಮೆದುಳು ಒಳಗೊಳಗೇ ಅಲುಗಿತ್ತು. ಅದು ವಾಸಿಯಾಗುವ ಮುನ್ನ ಇನ್ನೊಂದು ಏಟು ಬಿದ್ದರೆ ಬಹಳ ಸಲ ಏನೂ ಆಗುವುದಿಲ್ಲ. ಕೆಲವು ಸಲ ತಿಂಗಳುಗಟ್ಟಲೆ ಕಾಡುತ್ತದೆ. ಎಲ್ಲೋ ಒಮ್ಮೆ ಬಿದ್ದವರು ಏಳುವುದೇ ಇಲ್ಲ.

"ಡಾಕ್ಟರ್‌ಗೆ ಹೇಳಿದ್ಯಾ?"

"ಟೆಸ್ಟ್ ಮಾಡಿದ್ರು. ಪಾಸಾಯ್ತು."

"ಹೇಗೆ ಪಾಸಾಯ್ತು?"

ಕೃಪಾ ಈಗ ಇಂಗ್ಲಿಷಿಗೆ ಹೊರಳಿದಳು. ಸೀಸನ್ ಶುರುವಾಗುವ ಮುಂಚೆ ಎಲ್ಲರಿಗೂ ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಪರೀಕ್ಷೆ ಮಾಡುತ್ತಾರಂತೆ. ಪೆಟ್ಟಾದಾಗ ಮತ್ತೆ ಅದನ್ನೇ ಮಾಡಿಸಿ ಹೋಲಿಸಿ ನೋಡುತ್ತಾರೆ. ಮುಂದೆ ಪೆಟ್ಟಾದರೂ ವ್ಯತ್ಯಾಸ ಕಾಣದಿರಲೆಂದು ಮೊದಲನೆಯದನ್ನು ತಾನು ಬೇಕೆಂದೇ ನಿಧಾನವಾಗಿ ಮಾಡಿದ್ದೆ, ಎಷ್ಟೋ ಜನ ಹಾಗೇ ಮಾಡುತ್ತಾರೆ, ಎಂದಳು.

"ಈಗ ಫೋನ್ ಇಟ್ಟು ಅವರ ಹತ್ರ ಹೋಗು."

"ಹೋದ್ರೆ ಮುಂದಿನ ಮ್ಯಾಚ್ ಇಲ್ಲ. ಅಷ್ಟರಲ್ಲಿ ಮರೆನ್ ಕೈ ಸರಿಹೋಗತ್ತೆ, ನಾನು ವಾಪಸ್ ಸ್ಟ್ಯಾಂಡಿಗೆ. ಈ ಮ್ಯಾಚ್ ನೋಡೋಕೆ ಮಟಿಲ್ಡಾಸ್ ಕಡೆಯವರು ಬರ್ತಿದಾರೆ ಅಕ್ಕ. ಆಸ್ಟ್ರೇಲಿಯಾ ಟೀಮಿನ ಕ್ಯಾಂಪಿಗೆ ಆರಿಸೋಕೆ. ನಂಗೆ ಇನ್ನೊಂದು ಚಾನ್ಸ್ ಸಿಗಲ್ಲ. ಈ ಒಂದು ಮ್ಯಾಚ್ ಅಷ್ಟೆ. ಆಮೇಲೆ ನಾನೇ ಹೇಳ್ತೀನಿ." ಅಷ್ಟಕ್ಕೇ ಬಿಡದೆ ಅಂದಳು, "ಪ್ರಾಮಿಸ್ ಮಾಡು. ಯಾರಿಗೂ ಹೇಳಲ್ಲ ಅಂತ."

ಅಮೂಲ್ಯಾ ತುಂಬಾ ಹೊತ್ತು ವಾದಿಸಿದಳು. ಕೃಪಾ ಅಳತೊಡಗಿದಳು. ಅಳುವಾಗ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅದನ್ನು ನೋಡಲಾರದೆ ಅಮೂಲ್ಯಾ, "ಸರಿ, ಹೇಳಲ್ಲ. ಆದ್ರೆ ದಿನಾ ನಂಗೆ ಫೋನ್ ಮಾಡ್ಬೇಕು. ಏನೇ ಆದ್ರೂ ಮುಚ್ಚಿಡಬಾರ್ದು," ಎಂದಳು.

ಜೀವನ್‌ನಿಂದ ಅದನ್ನು ಅಡಗಿಸಲಾಗಲಿಲ್ಲ. ಮರುದಿನ ಇಬ್ಬರೂ ಕಾರಿನಲ್ಲಿ ಫ್ರೀವೇ ಮೇಲೆ ನಿಂತೂ ನಿಂತೂ ಹೋಗುತ್ತಿರುವಾಗ ಹೇಳಿದಳು. ಅವನು ಮುಂದಿನ ಲಾರಿಯಿಂದ ಕಣ್ಣು ತೆಗೆಯದೆಯೇ ಕೇಳಿಸಿಕೊಂಡ.

"ಅವಳೇನು ಚಿಕ್ಕ ಹುಡುಗಿ ಅಲ್ಲ, ಅಮೂ. ಅವಳ ದೇಹ, ಅವಳ ಕೆಲಸ. ಅಲ್ಲಿ ಡಾಕ್ಟರ್ ಇದಾರೆ."

"ಡಾಕ್ಟರ್‌ಗೆ ಸುಳ್ಳು ಹೇಳಿದಾಳಲ್ಲ."

"ನೀನು ಮಾತು ಕೊಟ್ಟಿದೀಯ. ಮುರಿದ್ರೆ ಅವಳು ಮತ್ತೆ ಯಾವತ್ತೂ ನಿನ್ನ ಹತ್ರ ಏನೂ ಹೇಳಲ್ಲ. ಅದನ್ನೂ ಯೋಚನೆ ಮಾಡು."

ಅಮೂಲ್ಯಾ ಆ ಇಡೀ ವಾರ ಅದನ್ನೇ ಯೋಚಿಸಿದಳು. ಕೃಪಾ ಅಕ್ಕ ಹೇಳಿದಂತೆ ದಿನಾ ಫೋನ್ ಮಾಡುತ್ತಿದ್ದಳು. ಇವತ್ತು ಪರವಾಗಿಲ್ಲ, ಇವತ್ತು ಇನ್ನೂ ಪರವಾಗಿಲ್ಲ, ಎನ್ನುತ್ತಿದ್ದಳು. ಕ್ಯಾಮೆರಾ ಮಾತ್ರ ಹಾಕುತ್ತಿರಲಿಲ್ಲ. ಪಂದ್ಯಕ್ಕೆ ಇನ್ನೇನು ಫ್ರಾನ್ಸಿಗೆ ಹೊರಡಬೇಕು ಎನ್ನುವಾಗ ಬಂದ ಕಾಲ್‌ನಲ್ಲಿ ಅವಳ ದನಿ ಬಾವಿಯೊಳಗಿಂದ ಬಂದಂತಿತ್ತು. ಪ್ರಾಕ್ಟೀಸಿನಲ್ಲಿ ಎತ್ತರದ ಚೆಂಡಿಗೆ ತಲೆಯೆತ್ತಿದಾಗ ಮೈದಾನವೇ ಒಂದು ಪಕ್ಕಕ್ಕೆ ವಾಲಿತಂತೆ. ಬಸ್ಸಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡಳಂತೆ. ಡಾಕ್ಟರ್ ನೋಡಿ ಕೇಳಿದ್ದಕ್ಕೆ ಬೆಳಗಿನ ಮೀನು ಸರಿಯಿರಲಿಲ್ಲ ಎಂದಳಂತೆ.

"ಕೃಪಾ, ಸಾಕು."

"ಪ್ರಾಮಿಸ್ ಮಾಡಿದೀಯ," ಎಂದು ಕೃಪಾ ಫೋನ್ ಇಟ್ಟಳು.

ಪಂದ್ಯದ ಹಿಂದಿನ ದಿನ ಮಧ್ಯಾಹ್ನ ಅಮೂಲ್ಯಾ ಸಿಡ್ನಿಗೆ ವಿಮಾನ ಹತ್ತಿದಳು. ಕ್ವೇಕರ್ಸ್ ಹಿಲ್‌ನ ಮನೆಯ ಅಡುಗೆಕೋಣೆಯಲ್ಲಿ ಅಮ್ಮ ದೊಡ್ಡ ಪಾತ್ರೆಯಲ್ಲಿ ರವೆ ಹುರಿಯುತ್ತಿದ್ದರು. ಬೆಳಿಗ್ಗೆ ಬರುವವರಿಗೆಲ್ಲ ಉಪ್ಪಿಟ್ಟು, ಕೇಸರಿಭಾತು. ಅಪ್ಪ ಬದರಿನಾಥ ಗ್ಯಾರೇಜಿನಿಂದ ಮಡಚುವ ಕುರ್ಚಿಗಳನ್ನು ತೆಗೆದು ಒರೆಸುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಮಗಳನ್ನು ಕಂಡು, "ಫ್ಲೈಟ್ ಲೇಟಾಯ್ತಾ?" ಎಂದಷ್ಟೇ ಕೇಳಿ ಮತ್ತೆ ಕುರ್ಚಿಗಳ ಕಡೆ ತಿರುಗಿದರು.

ಅಮೂಲ್ಯಾ ಚೀಲವನ್ನೂ ಕೆಳಗಿಡದೆ ಎಲ್ಲವನ್ನೂ ಅಮ್ಮನಿಗೆ ಹೇಳಿದಳು. ನೆನಪಿಲ್ಲದ ಎರಡನೇ ಅರ್ಧ, ಮುಚ್ಚಿದ ಪರದೆ, ಬೇಕೆಂದೇ ಕೆಡಿಸಿದ ಪರೀಕ್ಷೆ, ಬಸ್ಸಿನ ಹಿಂದಿನ ವಾಂತಿ.

ಭಾಗೀರಥಿ ಸೌಟು ನಿಲ್ಲಿಸಲಿಲ್ಲ. "ಗೊತ್ತು," ಎಂದರು.

"ಏನು ಗೊತ್ತು?"

"ಆ ಮ್ಯಾಚ್ ರೆಕಾರ್ಡ್ ಮಾಡಿದೀನಲ್ಲ. ಎಷ್ಟು ಸಲ ನೋಡಿದೀನೋ. ಎದ್ದ ಮೇಲೆ ಗೋಲ್‌ಪೋಸ್ಟ್ ಹಿಡ್ಕೊಂಡು ನಿಂತ್ಲು. ಅವಳು ಯಾವತ್ತೂ ಹಾಗೆ ನಿಲ್ಲಲ್ಲ. ಕಂಬ ಮುಟ್ಟೋದೇ ಇಲ್ಲ ಅವಳು."

"ಗೊತ್ತಿದ್ದೂ ಸುಮ್ಮನಿದ್ಯಾ?"

"ಏನು ಮಾಡ್ಬೇಕಿತ್ತು? ಕೇಳಿದ್ರೆ ಏನಿಲ್ಲ ಅಂತಾಳೆ. ನಂಬಿಬಿಡೋಣ ಅಂದ್ಕೊಂಡೆ, ಅಷ್ಟೆ." ಅಮ್ಮ ಒಲೆ ಆರಿಸಿದರು. ಅವರ ಮೂಗಿನ ತುದಿ ಕೆಂಪಾಗಿತ್ತು. "ಅವಳು ಎಷ್ಟು ಕಷ್ಟಪಟ್ಟಿದಾಳೆ ನಿಂಗೊತ್ತಾ? ಮೂರನೆಯವಳಾಗಿ ಆ ಚಳೀಲಿ ಒಬ್ಳೇ ಬಾಲ್ ಎತ್ಕೊಂಡು ಬರ್ತಿದ್ಲು. ಈ ಒಂದು ಮ್ಯಾಚ್ ಅಮೂ. ದೇವರು ಕಾಪಾಡ್ತಾನೆ."

ಕೃಪಾ ಆಡಿದ್ದ ಮಾತೇ ಅಮ್ಮನ ಬಾಯಲ್ಲೂ ಬಂದಾಗ ಅಮೂಲ್ಯಾಳಿಗೆ ಭಯ ಹೆಚ್ಚಾಯಿತು. ಇಡೀ ವಾರ ತಾನೂ ಒಳಗೊಳಗೆ ಅದನ್ನೇ ಹೇಳಿಕೊಂಡಿದ್ದಳು. ಮೂವರಲ್ಲಿ ಯಾರಾದರೊಬ್ಬರು ನಿಲ್ಲಿಸದಿದ್ದರೆ ಆ ಹುಡುಗಿ ಮೈದಾನಕ್ಕೆ ಇಳಿಯುತ್ತಾಳೆ. ಯಾರದೋ ಕಾಲಬುಡಕ್ಕೆ ಮತ್ತೆ ಹಾರುತ್ತಾಳೆ. ಹಾರದೇ ಇರುವುದು ಅವಳಿಗೆ ಗೊತ್ತಿಲ್ಲ.

ಅಮೂಲ್ಯಾ ಹಿತ್ತಲಿಗೆ ಹೋಗಿ ಕ್ಲಬ್ಬಿನ ಆಫೀಸಿಗೆ ಫೋನ್ ಮಾಡಿದಳು. ಅಲ್ಲಿ ಆಗ ಬೆಳಿಗ್ಗೆ. ಫೋನ್ ಎತ್ತಿದವನಿಗೆ, ನಾನು ನಿಮ್ಮ ಗೋಲ್‌ಕೀಪರ್‌ನ ಅಕ್ಕ, ತಂಡದ ಡಾಕ್ಟರ್ ಜೊತೆ ಈಗಲೇ ಮಾತಾಡಬೇಕು, ಎಂದಳು. ತಂಡ ಫ್ರಾನ್ಸಿನಲ್ಲಿದೆ, ವಿಷಯ ತಿಳಿಸುತ್ತೇನೆ, ಎಂದು ಅವನು ನಂಬರು ತೆಗೆದುಕೊಂಡ.

ಅವಳು ಬಟ್ಟೆ ಒಣಹಾಕುವ ತಂತಿಯ ಕೆಳಗೆ ಕಾದಳು. ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದರು. ಕಾಲ್ ಬಾರದಿದ್ದರೆ ಒಳ್ಳೆಯದು ಎಂದು ಒಂದು ಮನಸ್ಸು, ಬೇಗ ಬರಲಿ ಎಂದು ಇನ್ನೊಂದು. ಅಡುಗೆಕೋಣೆಯ ಕಿಟಕಿಯಲ್ಲಿ ಅಮ್ಮ ನಿಂತು ನೋಡುತ್ತಿದ್ದರು. ಹೊರಗೆ ಬರಲಿಲ್ಲ, ತಡೆಯಲೂ ಇಲ್ಲ.

ಫೋನ್ ನಡುಗಿತು. ಡಾಕ್ಟರ್ ಲೌರಿಡ್ಸನ್ ಎಂಬ ಹೆಂಗಸು. ಅಮೂಲ್ಯಾ ನೇರವಾಗಿ ಹೇಳಿಬಿಟ್ಟಳು.

"ಇದನ್ನೆಲ್ಲ ಅವಳೇ ನಿಮಗೆ ಹೇಳಿದ್ದಾ?" ಎಂದಳು ಡಾಕ್ಟರ್.

"ಅವಳೇ."

"ನಾನು ಅವಳನ್ನ ಕೇಳಬೇಕಾಗುತ್ತೆ. ಯಾರು ಹೇಳಿದ್ರು ಅಂತ ಅವಳಿಗೆ ಗೊತ್ತಾಗುತ್ತೆ."

"ಗೊತ್ತಾಗಲಿ."

"ಅವಳು ಇಲ್ಲ ಅಂದ್ರೆ?"

"ಕಣ್ಣು ನೋಡಿ. ಬೆರಳು ಆಡಿಸಿ ನೋಡಿ. ಕಂಪ್ಯೂಟರ್ ನಂಬಬೇಡಿ."

ಕತ್ತಲಾಗುವ ಹೊತ್ತಿಗೆ ಕೃಪಾಳಿಂದ ಒಂದೇ ಒಂದು ಮೆಸೇಜ್ ಬಂತು: 'ನೀನೇನಾ?' ಅಮೂಲ್ಯಾ 'ನಾನೇ' ಎಂದು ಬರೆದಳು. ಅದಕ್ಕೆ ಉತ್ತರ ಬರಲಿಲ್ಲ. ಫೋನ್ ಮಾಡಿದರೆ ಹೋಗಲಿಲ್ಲ. ಕೃಪಾ ಅವಳ ನಂಬರನ್ನು ಬ್ಲಾಕ್ ಮಾಡಿದ್ದಳು. ಅಮ್ಮನ ಫೋನನ್ನೂ ಎತ್ತಲಿಲ್ಲ. ಡಾಕ್ಟರ್ ಏನು ನಿರ್ಧರಿಸಿದಳು, ಕೃಪಾ ಒಪ್ಪಿಕೊಂಡಳೋ ಮತ್ತೆ ಸುಳ್ಳು ಹೇಳಿ ಪಾರಾದಳೋ, ಯಾವುದೂ ತಿಳಿಯಲಿಲ್ಲ.

"ಹಾಲ್ ಕ್ಯಾನ್ಸಲ್ ಮಾಡ್ಬಿಡೋಣ," ಎಂದಳು ಅಮೂಲ್ಯಾ.

"ಎಲ್ಲರಿಗೂ ಏನಂತ ಹೇಳ್ಲಿ?" ಎಂದು ಅಮ್ಮ ಪಾತ್ರೆಯ ಮುಚ್ಚಳ ಮುಚ್ಚಿದರು.

ಬೆಳಗಿನ ಜಾವ ಹಾಲ್ ತುಂಬಿತ್ತು. ಆಫೀಸಿನ ಬಟ್ಟೆಯಲ್ಲೇ ಬಂದವರು, ಸ್ಕೂಲ್ ಯೂನಿಫಾರ್ಮಿನ ಮಕ್ಕಳು, ಹಳದಿ ದುಪಟ್ಟಾ ಹೊದ್ದ ಆಂಟಿಯರು. ಶಿವಲಿಂಗಪ್ಪನವರು ಗೋಡೆಯ ಮೇಲೆ ಚಿತ್ರ ಬೀಳಿಸಿ, ಸೌಂಡ್ ಸರಿಮಾಡಿ, ಮುಂದಿನ ಸಾಲಿನ ನಡುವಿನ ಕುರ್ಚಿಗಳನ್ನು ಗೋಲ್‌ಕೀಪರ್‌ನ ಮನೆಯವರಿಗೆಂದು ಕಾದಿರಿಸಿದ್ದರು. ಭಾಗೀರಥಿ ಎಲ್ಲರನ್ನೂ ನಗುತ್ತಾ ಮಾತಾಡಿಸಿ ಬಂದು ಕೂತರು. ಕೂತ ಮೇಲೆ ಅವರ ಕೈ ಸೆರಗಿನ ಅಂಚನ್ನು ಸುತ್ತುತ್ತಲೇ ಇತ್ತು.

ಫ್ರಾನ್ಸ್‌ನ ಸ್ಟೇಡಿಯಂ ಗೋಡೆಯ ತುಂಬ ಹರಡಿತು. ಎರಡೂ ತಂಡಗಳು ಸುರಂಗದೊಳಗೆ ಸಾಲಾಗಿ ನಿಂತಿದ್ದವು. ಕ್ಯಾಮೆರಾ ಸೋಂಡರ್‌ಹಾವ್ನ್‌ನ ಸಾಲಿನ ಉದ್ದಕ್ಕೂ ನಿಧಾನವಾಗಿ ಸಾಗಿತು. ನಾಯಕಿ, ಅವಳ ಹಿಂದೆ ಹಳದಿ ಜರ್ಸಿ. ಅಮೂಲ್ಯಾ ಕುರ್ಚಿಯ ಅಂಚಿಗೆ ಸರಿದಳು. ಹಳದಿ ಜರ್ಸಿಯವಳು ಮುಖ ಎತ್ತಿದಳು. ಬಿಳಿ ಹುಬ್ಬಿನ, ಇನ್ನೂ ಹದಿಹರೆಯದ ಡೇನಿಶ್ ಹುಡುಗಿ.

ಹಾಲಿನಲ್ಲಿ ಗುಜುಗುಜು ಎದ್ದಿತು. ಬೆಂಚಿನವರ ಹೆಸರುಗಳು ಬಂದವು. ಅಲ್ಲೂ ಕೃಪಾ ಇರಲಿಲ್ಲ.

ಶಿವಲಿಂಗಪ್ಪನವರು ಬಾಗಿ ಕೇಳಿದರು, "ಏನಮ್ಮಾ, ನಮ್ಮ ಕೃಪಾ ಕಾಣ್ತಿಲ್ವಲ್ಲ?"

ಅಮೂಲ್ಯಾ ಬಾಯಿ ತೆರೆದಳು. ಅವಳಿಗಿಂತ ಮುಂಚೆ ಭಾಗೀರಥಿ ಹೇಳಿದರು, ಹಿಂದಿನ ಸಾಲಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ: "ಹೋದ ಮ್ಯಾಚಲ್ಲಿ ತಲೆಗೆ ಏಟಾಗಿದೆ. ನಾವೇ ಆಡೋದು ಬೇಡ ಅಂದ್ವಿ."

ಅಮೂಲ್ಯಾ ಅಮ್ಮನ ಕಡೆ ನೋಡಿದಳು. ಅಮ್ಮ ಅವಳ ಕಡೆ ನೋಡಲಿಲ್ಲ.

ಪಂದ್ಯ ಶುರುವಾಯಿತು. ಎದ್ದು ಹೋಗಲು ಯಾರಿಗೂ ಮನಸ್ಸಾಗಲಿಲ್ಲ. ಆ ಡೇನಿಶ್ ಹುಡುಗಿ ಕೆಟ್ಟದಾಗೇನೂ ಆಡಲಿಲ್ಲ. ಮೊದಲಾರ್ಧದಲ್ಲಿ ಎರಡು ಒಳ್ಳೆಯ ಚೆಂಡು ಹಿಡಿದಳು. ಒಮ್ಮೆ ಮೂವರ ನಡುವೆ ನುಗ್ಗಿ ಚೆಂಡನ್ನು ಗುದ್ದಿ ಹೊರಹಾಕುವಾಗ ಇನ್ನೊಬ್ಬಳ ಮೊಣಕೈ ಅವಳ ಕಿವಿಯ ಪಕ್ಕವೇ ಹಾದುಹೋಯಿತು. ಅಮೂಲ್ಯಾ ಕಣ್ಣು ಮುಚ್ಚಿಕೊಂಡಳು. ವಿರಾಮದ ನಂತರ ಫ್ರಾನ್ಸ್‌ನವರು ಒಂದು ಗೋಲು ಹೊಡೆದರು. ಅದನ್ನು ಯಾರಿಂದಲೂ ತಡೆಯಲಾಗುತ್ತಿರಲಿಲ್ಲ. ಎರಡೂ ಪಂದ್ಯಗಳ ಗೋಲು ಸೇರಿಸಿ ಈಗ ಸಮ. ಇನ್ನೇನು ಹೆಚ್ಚುವರಿ ಸಮಯಕ್ಕೆ ಹೋಗುತ್ತದೆ ಎನ್ನುವಾಗ ದೂರದಿಂದ ಬಂದ ಸಾಧಾರಣ ಹೊಡೆತವೊಂದು ಆ ಹುಡುಗಿಯ ಕೈಗವಸಿನಿಂದ ಜಾರಿ, ಮೊಣಕಾಲಿಗೆ ತಾಗಿ, ಗೆರೆ ದಾಟಿತು. ಸೋಂಡರ್‌ಹಾವ್ನ್ ಅಲ್ಲಿಗೆ ಹೊರಬಿತ್ತು.

ಹುಡುಗಿ ಹುಲ್ಲಿನ ಮೇಲೆ ಮುಖ ಅಡಗಿಸಿ ಮಲಗಿಬಿಟ್ಟಳು. ಕ್ಯಾಮೆರಾ ಸ್ಟ್ಯಾಂಡಿನತ್ತ ತಿರುಗಿತು. ಕಪ್ಪು ಕನ್ನಡಕ ಹಾಕಿ, ಕೋಟಿನ ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡು ಕೃಪಾ ಕೂತಿದ್ದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ.

ಹಾಲಿನ ಹಿಂದುಗಡೆಯಿಂದ ಯಾರೋ ಅಂದರು, "ಕೃಪಾ ಇದ್ದಿದ್ರೆ ಇದನ್ನ ಹಿಡೀತಿದ್ಲು."

ಅದು ನಿಜ ಎಂದು ಅಮೂಲ್ಯಾಳಿಗೂ ಗೊತ್ತಿತ್ತು. ಜನ ಸದ್ದಿಲ್ಲದೆ ಉಪ್ಪಿಟ್ಟು ತಿಂದು, ಭಾಗೀರಥಿಯ ಕೈ ಮುಟ್ಟಿ, ಕೆಲಸಕ್ಕೆ ಹೊರಟರು. ಕುರ್ಚಿ ಮಡಚುತ್ತಿದ್ದ ಬದರಿನಾಥ ದೊಡ್ಡ ಮಗಳ ಹತ್ತಿರ ಬಂದು, "ಮನೆಗೆ ಹೋಗಿ ಸ್ವಲ್ಪ ಮಲಕ್ಕೋ. ನೀನು ನಿದ್ದೆ ಮಾಡಿಲ್ಲ," ಎಂದರು. ಅವರು ಆ ವಿಷಯದಲ್ಲಿ ಆಡಿದ್ದು ಅಷ್ಟೇ.

ಕೃಪಾಳ ತಲೆಯ ಸ್ಕ್ಯಾನಿನಲ್ಲಿ ಏನೂ ಕಾಣಿಸಲಿಲ್ಲ. ಆ ಸುದ್ದಿ ಅಮ್ಮನ ಮೂಲಕ ಬಂದಾಗ ಅಮೂಲ್ಯಾಳಿಗೆ ಸಮಾಧಾನವೂ ಆಯಿತು, ಅನುಮಾನವೂ ಹುಟ್ಟಿತು. ಆಡಿದ್ದರೆ ಏನಾಗುತ್ತಿತ್ತು? ಏನೂ ಆಗದೆಯೂ ಇರಬಹುದಿತ್ತು. ಇದು ಇನ್ನು ಯಾರಿಗೂ ಯಾವತ್ತೂ ತಿಳಿಯುವಂತಿರಲಿಲ್ಲ. ತಲೆನೋವು ಮಾತ್ರ ವಾರಗಟ್ಟಲೆ ಇಳಿಯಲಿಲ್ಲ. ಕೃಪಾ ಆ ಸೀಸನ್ನಿನಲ್ಲಿ ಮತ್ತೆ ಆಡಲಿಲ್ಲ. ಮರೆನ್ ಕೈ ವಾಸಿಯಾಗಿ ಮರಳಿದಳು. ಆಸ್ಟ್ರೇಲಿಯಾ ಕ್ಯಾಂಪಿಗೆ ಬೇರೆಯವಳನ್ನು ಕರೆದರು. ಮೇ ತಿಂಗಳಲ್ಲಿ ಯಾರೋ ಕಪ್ ಎತ್ತಿದರು. ಕ್ವೇಕರ್ಸ್ ಹಿಲ್‌ನಲ್ಲಿ ಆ ಫೈನಲ್ ಅನ್ನು ಯಾರೂ ನೋಡಲಿಲ್ಲ. ಸೋಂಡರ್‌ಹಾವ್ನ್ ಕೃಪಾಳ ಕರಾರನ್ನು ಮುಂದುವರಿಸಲಿಲ್ಲ.

ಜೂನ್‌ನಲ್ಲಿ, ಸಿಡ್ನಿಯ ಚಳಿಗಾಲದಲ್ಲಿ, ಕೃಪಾ ಮನೆಗೆ ಬಂದಳು. ವಿಷಯ ತಿಳಿದು ಅಮೂಲ್ಯಾ ಮೆಲ್ಬರ್ನ್‌ನಿಂದ ಹೊರಟಳು. ಬರಬೇಡ ಎಂದು ಅಮ್ಮ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ.

ಕೃಪಾ ತನ್ನ ಹಳೆಯ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದಳು. ಬಾಗಿಲು ತಳ್ಳಿದ ಅಕ್ಕನನ್ನು ನೋಡಿ ಮುಖ ತಿರುಗಿಸಲಿಲ್ಲ. ತಿರುಗಿಸಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ಸ್ಕ್ಯಾನ್ ಕ್ಲೀನ್ ಇತ್ತು," ಎಂದಳು ಇಂಗ್ಲಿಷಿನಲ್ಲಿ.

"ಗೊತ್ತು."

"ನಾನು ಆಡಬಹುದಿತ್ತು."

"ಇರಬಹುದು."

"ಆ ಬಾಲ್ ನಾನು ಹಿಡೀತಿದ್ದೆ. ಸೆಮಿಫೈನಲ್ ಹೋಗ್ತಿದ್ವಿ. ಆ ಹುಡುಗಿ ಹೋಟೆಲಲ್ಲಿ ನನ್ನ ರೂಮಿಗೆ ಬಂದು ಸಾರಿ ಕೇಳಿದ್ಲು, ಗೊತ್ತಾ? ನನ್ನ ಹತ್ರ ಸಾರಿ." ಕೃಪಾಳ ದನಿ ಏರಲಿಲ್ಲ. "ನೀನು ಪ್ರಾಮಿಸ್ ಮಾಡಿದ್ದೆ."

"ಮಾಡಿದ್ದೆ. ಮುರಿದೆ."

"ಮತ್ತೆ ಹೀಗೇ ಆದ್ರೆ?"

ಸುಳ್ಳು ಹೇಳಿದ್ದರೆ ಆಗ ಸುಲಭವಾಗುತ್ತಿತ್ತು. "ಮತ್ತೆ ಡಾಕ್ಟರ್‌ಗೆ ಹೇಳ್ತೀನಿ," ಎಂದಳು ಅಮೂಲ್ಯಾ. "ಆದ್ರೆ ಪ್ರಾಮಿಸ್ ಮಾಡಲ್ಲ. ಅವತ್ತು ಮಾಡಿದ್ದೇ ತಪ್ಪು. ನೀನು ನನ್ನ ನಂಬ್ಕೊಂಡು ಎಲ್ಲಾ ಹೇಳ್ದೆ."

ಕೃಪಾ ಸಿಟ್ಟಿನಿಂದ ಎದ್ದಳು. ಎದ್ದವಳು ಥಟ್ಟನೆ ಬೀರುವಿನ ಬಾಗಿಲು ಹಿಡಿದುಕೊಂಡು ಕಣ್ಣು ಮುಚ್ಚಿದಳು. ಮುಖದ ಬಣ್ಣ ಇಳಿದುಹೋಗಿತ್ತು. ಇನ್ನೂ ಹೀಗಾಗುತ್ತದೆ ಎಂದು ಯಾರೂ ಅಮೂಲ್ಯಾಳಿಗೆ ತಿಳಿಸಿರಲಿಲ್ಲ.

"ದಿನಾ ಹೀಗಾಗತ್ತಾ?"

"ಎದ್ದಾಗ. ಕಾರಲ್ಲಿ. ಮೇಲೆ ನೋಡಿದಾಗ." ಸ್ವಲ್ಪ ಹೊತ್ತಿಗೆ ಅವಳು ಕನ್ನಡದಲ್ಲಿ ಅಂದಳು, "ಭಯ ಆಗತ್ತೆ ಅಕ್ಕ."

"ಕೂತ್ಕೋ. ಇದಕ್ಕೆ ಎಕ್ಸರ್‌ಸೈಜ್ ಇದೆ. ನಾನು ದಿನಾ ಮಾಡ್ಸೋದು ಇದನ್ನೇ."

"ನಿನ್ನ ನಾನು ಕ್ಷಮಿಸಿಲ್ಲ."

"ಬೇಡ. ನನ್ನ ಮೂಗು ನೋಡು. ಕಣ್ಣು ತೆಗೀಬೇಡ. ಈಗ ತಲೆ ನಿಧಾನಕ್ಕೆ ಎಡಕ್ಕೆ ತಿರುಗಿಸು."

ಜುಲೈಯಲ್ಲಿ ಕೃಪಾ ಪಾಯಿಂಟ್ ಕುಕ್‌ಗೆ ಬಂದಳು. ಕ್ಲಿನಿಕ್ಕಿಗೆ ಹತ್ತಿರ, ಅಮ್ಮನ ಕಣ್ಣಿಗೆ ದೂರ, ಅದಕ್ಕೇ ಎಂದಳು. ಅಕ್ಕನೊಂದಿಗೆ ಬೇಕಾದಷ್ಟೇ ಮಾತು. ಜೀವನ್‌ನೊಂದಿಗೆ ಮಾತ್ರ ಕ್ರಿಕೆಟ್ ವಿಷಯಕ್ಕೆ ಜಗಳವಾಡುತ್ತಿದ್ದಳು. ಬೆಳಿಗ್ಗೆ ಸಮುದ್ರದ ಕಡೆಗೆ ನಡೆಯುವುದು, ಕಣ್ಣು ಕಟ್ಟಿಕೊಂಡು ಒಂಟಿಕಾಲಲ್ಲಿ ನಿಲ್ಲುವುದು, ಗೋಡೆಗೆ ಟೆನಿಸ್ ಚೆಂಡು ಎಸೆದು ಹಿಡಿಯುವುದು. ಕೆಲವು ದಿನ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಕೋಣೆ ಕತ್ತಲು ಮಾಡಿಕೊಂಡು ಮಲಗುತ್ತಿದ್ದಳು. ಅಂಥ ದಿನಗಳಲ್ಲಿ ಅಮೂಲ್ಯಾ ಬಾಗಿಲ ಹೊರಗೆ ಅನ್ನ ಸಾರು ಇಟ್ಟು ಹೋಗುತ್ತಿದ್ದಳು. ಸೆಪ್ಟೆಂಬರಿನಲ್ಲಿ ಸ್ಪೆಷಲಿಸ್ಟ್ ಅವಳನ್ನು ಪರೀಕ್ಷಿಸಿ, ಆಡಬಹುದು, ಎಂದರು. ಮೆಲ್ಬರ್ನ್‌ನ ಪಶ್ಚಿಮದ ಒಂದು ಕ್ಲಬ್ ಅವಳನ್ನು ಟ್ರಯಲ್‌ಗೆ ಕರೆಯಿತು.

ಟ್ರಯಲ್ ಪಂದ್ಯ ವಿಂಡಮ್ ವೇಲ್‌ನ ಮೈದಾನದಲ್ಲಿ. ಸುತ್ತ ಹೊಸ ಮನೆಗಳು, ಇನ್ನೂ ಬೇರೂರದ ಸಸಿಗಳು, ಎಲ್ಲಿಂದಲೋ ಬೀಸುವ ಗಾಳಿ. ಸಿಡ್ನಿಯಿಂದ ಬಂದಿದ್ದ ಭಾಗೀರಥಿ ಬೇಲಿಯ ಪಕ್ಕದಲ್ಲಿ ಅಮೂಲ್ಯಾಳೊಡನೆ ನಿಂತಿದ್ದರು. ಮೊದಲ ಎತ್ತರದ ಚೆಂಡಿಗೆ ಕೃಪಾ ತಲೆಯೆತ್ತಿದಾಗ ಇಬ್ಬರೂ ಬೇಲಿಗೆ ಒತ್ತಿ ನಿಂತರು. ಅವಳು ಹಾರಿ, ಹಿಡಿದು, ಎರಡೂ ಕಾಲ ಮೇಲೆ ಇಳಿದಳು.

ಎರಡನೇ ಅರ್ಧದಲ್ಲಿ ಅದು ಬಂದೇ ಬಂತು. ಸಡಿಲವಾದ ಚೆಂಡು, ಎದುರಿನಿಂದ ಓಡಿಬಂದ ಗಟ್ಟಿಮುಟ್ಟಾದ ಹುಡುಗಿ, ಗೋಲು ಬಿಟ್ಟು ಹೊರಗೆ ಹಾರಿದ ಕೃಪಾ. ಇಬ್ಬರೂ ಒಟ್ಟಿಗೆ ಉರುಳಿದರು. ಅಮೂಲ್ಯಾಳ ಕಾಲು ತಾನಾಗಿಯೇ ಬೇಲಿ ದಾಟಲು ಎದ್ದಿತು. ಭಾಗೀರಥಿ ಅವಳ ಮಣಿಕಟ್ಟು ಹಿಡಿದರು. "ತಡಿ," ಎಂದರು. ಹಿಡಿದ ಕೈ ಬಿಡಲಿಲ್ಲ.

ಕೃಪಾ ಎದ್ದಳು. ಭುಜ ಉಜ್ಜಿಕೊಂಡಳು. ರೆಫರಿ ಏನೋ ಕೇಳಿದ, ಇವಳು ಏನೋ ಹೇಳಿದಳು. ಕಂಬ ಮುಟ್ಟಲಿಲ್ಲ. ಪಂದ್ಯ ಮುಂದುವರಿಯಿತು. ಉಳಿದ ಹೊತ್ತನ್ನು ಅಮೂಲ್ಯಾ ಹೇಗೆ ಕಳೆದಳೋ.

ಮುಗಿದ ಮೇಲೆ ಕೃಪಾ ಚೀಲ ಹೆಗಲಿಗೇರಿಸಿ ಕಾರಿನ ಹತ್ತಿರ ಬಂದಳು. ಅಮ್ಮ ನೀರಿನ ಬಾಟಲಿ ಕೊಟ್ಟರು. ಅಮೂಲ್ಯಾ ಏನೂ ಕೇಳಬಾರದೆಂದು ತನ್ನನ್ನು ತಡೆದುಕೊಂಡು, ಡ್ರೈವರ್ ಸೀಟಿನಲ್ಲಿ ಕೂತು ಕೀ ಹಾಕಿದಳು.

"ಭುಜಕ್ಕೆ ಬಿದ್ದಿದ್ದು," ಎಂದಳು ಕೃಪಾ, ಪಕ್ಕದ ಸೀಟಿನಲ್ಲಿ ಕೂರುತ್ತಾ. "ತಲೆಗೆ ತಾಗಲಿಲ್ಲ."

"ಸರಿ."

ಅಮೂಲ್ಯಾ ಕಾರು ಸ್ಟಾರ್ಟ್ ಮಾಡಿದಳು. ಕೃಪಾ ಬೆಲ್ಟ್ ಹಾಕಿಕೊಳ್ಳಲಿಲ್ಲ. ಅಕ್ಕನ ಕಡೆಗೆ ಪೂರ್ತಿ ತಿರುಗಿ, ಹಣೆಯ ಮೇಲಿನ ಒದ್ದೆ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು.

"ನೋಡು," ಎಂದಳು. "ನೋಡದೆ ನಿಂಗೆ ಸಮಾಧಾನ ಆಗಲ್ಲ."

ಅಮೂಲ್ಯಾ ಇಂಜಿನ್ ಆಫ್ ಮಾಡಿ, ತೋರುಬೆರಳನ್ನು ತಂಗಿಯ ಮುಖದ ಮುಂದೆ ಹಿಡಿದು ನಿಧಾನವಾಗಿ ಎಡಕ್ಕೆ, ಮತ್ತೆ ಬಲಕ್ಕೆ ಸರಿಸಿದಳು. ಕೃಪಾಳ ಕಣ್ಣುಗಳು ಎಲ್ಲೂ ತಡವರಿಸದೆ ಬೆರಳಿನೊಂದಿಗೆ ಹೋಗಿ ಬಂದವು.